ಸುಡದ ಇಟ್ಟಿಗೆಯ ವಾಸ್ತುಶಿಲ್ಪಿ: ಹಸನ್ ಫತ್ಹಿ

ಹೊಸ ಮನೆ ಕಟ್ಟುವವರಿಗೆ ಈಗ ಒಂದು ಹೊಸ ಲೆಕ್ಕ ಬಂದಿದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಇಕೋ ನಿವಾಸ್ ಸಂಹಿತೆ ಎಂಬ ನಿಯಮಾವಳಿ ತಂದಿತು. ಚಳಿ ಪ್ರದೇಶ ಬಿಟ್ಟು ಉಳಿದ ಕಡೆ ಗೋಡೆ ಮತ್ತು ಕಿಟಕಿಗಳ ಮೂಲಕ ಮನೆಯೊಳಗೆ ಬರುವ ಶಾಖ ಚದರ ಮೀಟರಿಗೆ 15 ವಾಟ್ ಮೀರಬಾರದು ಎನ್ನುತ್ತದೆ ಅದು. 2022ರಲ್ಲಿ ಸಂಸತ್ತು ಇಂಧನ ಸಂರಕ್ಷಣಾ ಕಾಯ್ದೆಯನ್ನು ತಿದ್ದಿ ದೊಡ್ಡ ವಸತಿ ಕಟ್ಟಡಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಈ ವಿಷಯ ಓದುತ್ತಾ ಹೋದಾಗ ನನಗೆ ಸಿಕ್ಕ ಹೆಸರು ಈಜಿಪ್ಟಿನ ಹಸನ್ ಫತ್ಹಿ. ಇಂಥ ಯಾವ ನಿಯಮವೂ ಇಲ್ಲದ ಕಾಲದಲ್ಲಿ ಅವರು ಇದೇ ಲೆಕ್ಕವನ್ನು ಬಡವರ ಮನೆಗಾಗಿ ಮಾಡಿದ್ದರು.

ಹಸನ್ ಫತ್ಹಿ 1900ರ ಮಾರ್ಚ್ 23ರಂದು ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದರು. ಕುಟುಂಬಕ್ಕೆ ಜಮೀನು ಇತ್ತು. ಆದರೆ ತಂದೆಗೆ ಹಳ್ಳಿ ಎಂದರೆ ಆಗುತ್ತಿರಲಿಲ್ಲ. ತಾಯಿಗೆ ಮಾತ್ರ ತಾವು ಬಾಲ್ಯ ಕಳೆದ ಹಳ್ಳಿಯ ನೆನಪು ಮಾಸಿರಲಿಲ್ಲ. ತಾಯಿಯ ಮಾತು ಕೇಳಿ ಬೆಳೆದ ಹುಡುಗ ಕೃಷಿ ಓದಲು ಹೊರಟು, ಪ್ರವೇಶ ಪರೀಕ್ಷೆಯಲ್ಲಿ ಫೇಲಾದ. ಹೀಗಾಗಿ ವಾಸ್ತುಶಿಲ್ಪ ಓದಿ 1926ರಲ್ಲಿ ಪದವಿ ಪಡೆದರು. ಸ್ವಂತ ಜಮೀನಿಗೆ ಮೊದಲ ಸಲ ಕಾಲಿಟ್ಟಾಗ ಅವರಿಗೆ 27 ವರ್ಷ. ಅಲ್ಲಿ ರೈತರು ಬದುಕುತ್ತಿದ್ದ ಕೊಳಕು ಗುಡಿಸಲುಗಳನ್ನು ನೋಡಿದ ಮೇಲೆ ಅವರ ದಾರಿ ಬದಲಾಯಿತು.

ಬಡ ರೈತನಿಗೆ ಸಿಮೆಂಟು, ಕಬ್ಬಿಣ ಕೊಳ್ಳುವ ಶಕ್ತಿ ಇಲ್ಲ. ಕಾಲಡಿಯ ಮಣ್ಣಿಗೆ ಮಾತ್ರ ದುಡ್ಡು ಕೊಡಬೇಕಿಲ್ಲ. ಗೋಡೆಯನ್ನೇನೋ ಮಣ್ಣಿನಲ್ಲಿ ಎಬ್ಬಿಸಬಹುದು, ಛಾವಣಿಗೆ ಏನು ಮಾಡುವುದು? ಎರಡನೇ ಮಹಾಯುದ್ಧದ ಕಾಲದಲ್ಲಿ ಮರ ಮತ್ತು ಉಕ್ಕು ಎರಡೂ ಸಿಗದಾದವು. ಸೆಂಟ್ರಿಂಗ್ ಇಲ್ಲದೆ ಮಣ್ಣಿನ ಇಟ್ಟಿಗೆಯ ಕಮಾನು ಕಟ್ಟಲು ಹೋದರೆ ಎಲ್ಲವೂ ಕುಸಿದುಬಿದ್ದವು. ಆಗ ಅಸ್ವಾನ್ ಅಣೆಕಟ್ಟೆಯಲ್ಲಿ ಕೆಲಸಕ್ಕಿದ್ದ ಅವರ ಅಣ್ಣ, ಅಲ್ಲಿನ ನೂಬಿಯನ್ನರು ಮರದ ಆಸರೆಯೇ ಇಲ್ಲದೆ ಕಮಾನು ಕಟ್ಟುತ್ತಾರೆ ಎಂದು ತಿಳಿಸಿದರು. ಫತ್ಹಿ ಅಸ್ವಾನಿಗೆ ಹೋಗಿ ಆ ಮೇಸ್ತ್ರಿಗಳ ಎದುರು ವಿದ್ಯಾರ್ಥಿಯಾದರು. ಒಂದು ತುದಿಯ ಗೋಡೆಗೆ ಒರಗಿಸಿ, ಪ್ರತಿ ಸಾಲನ್ನೂ ಹಿಂದಿನ ಸಾಲಿನ ಮೇಲೆ ವಾಲಿಸುತ್ತಾ ಹೋಗುವುದೇ ಅದರ ಗುಟ್ಟು. ಪದವಿ ಪಡೆದ ಎಂಜಿನಿಯರುಗಳಿಗೆ ಗೊತ್ತಿಲ್ಲದ್ದು ಹಳ್ಳಿಯ ಗಾರೆ ಕೆಲಸದವರಿಗೆ ತಲೆಮಾರುಗಳಿಂದ ಗೊತ್ತಿತ್ತು.

ಅವರ ಹೆಸರು ಉಳಿದಿರುವುದು ಹೊಸ ಗೂರ್ನಾ ಎಂಬ ಊರಿನಿಂದ. ಲಕ್ಸರ್ ಎದುರಿನ ನೈಲ್ ದಂಡೆಯಲ್ಲಿ, ಪುರಾತನ ಗೋರಿಗಳ ಮೇಲೆಯೇ ಮನೆ ಕಟ್ಟಿಕೊಂಡಿದ್ದ ಸುಮಾರು 7,000 ಜನರನ್ನು ಬೇರೆಡೆಗೆ ಸಾಗಿಸಲು ಪ್ರಾಚ್ಯವಸ್ತು ಇಲಾಖೆ ತೀರ್ಮಾನಿಸಿತು. 1945ರಲ್ಲಿ ಆ ಕೆಲಸ ಫತ್ಹಿಯವರಿಗೆ ಬಂತು. ಅವರು ಒಳಾಂಗಣವಿರುವ ಮನೆಗಳು, ಮಸೀದಿ, ಸಂತೆ, ಶಾಲೆ, ರಂಗಮಂದಿರ ಎಲ್ಲವನ್ನೂ ಸುಡದ ಇಟ್ಟಿಗೆಯಲ್ಲೇ ರೂಪಿಸಿದರು. ಎತ್ತರದಲ್ಲಿ ಬೀಸುವ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುವ ಮಲ್ಕಫ್ ಎಂಬ ಗಾಳಿಗೂಡು, ಬಿಸಿಲು ತಡೆದು ಗಾಳಿ ಬಿಡುವ ಮಶ್ರಬಿಯ್ಯಾ ಎಂಬ ಮರದ ಜಾಲರಿ: ಹಳೆಯ ಅರಬ್ ಮನೆಗಳ ಈ ಉಪಾಯಗಳು ಅವರ ಕಟ್ಟಡಗಳಿಗೆ ಮರಳಿ ಬಂದವು.

ಊರಿನವರು ಮಾತ್ರ ಬರಲಿಲ್ಲ. ಹಳೆಯ ಜಾಗ ಬಿಟ್ಟರೆ ಅವರ ಜೀವನೋಪಾಯವೇ ಹೋಗುತ್ತಿತ್ತು. ಒಮ್ಮೆ ಯಾರೋ ಕಟ್ಟೆ ಒಡೆದು ಹೊಸ ಊರಿಗೆ ನೀರು ನುಗ್ಗಿಸಿದರು. ಕಚೇರಿಗಳ ಅಡ್ಡಿಯೂ ಸೇರಿ ಕೆಲಸ ಅರ್ಧಕ್ಕೂ ಮೊದಲೇ ನಿಂತಿತು. ಮನೆ ಎಷ್ಟೇ ಒಳ್ಳೆಯದಿರಲಿ, ಅದರಲ್ಲಿ ವಾಸಿಸುವವರನ್ನು ಒಪ್ಪಿಸದೆ ಮೇಲಿನಿಂದ ಆಜ್ಞೆ ಕಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಗೂರ್ನಾ ಸಾಕ್ಷಿ. ಫತ್ಹಿ ಈ ಸೋಲನ್ನು ಮುಚ್ಚಿಡಲಿಲ್ಲ. ಅದರ ಕಥೆಯನ್ನೇ ಪುಸ್ತಕವಾಗಿ ಬರೆದರು. 1973ರಲ್ಲಿ ಆ ಪುಸ್ತಕ ಅಮೆರಿಕದಲ್ಲೂ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು.

ವಿಜ್ಞಾನ ವಿಭಾಗದ ಗೆಳೆಯರು ಮೆಚ್ಚುವ ಭಾಗ ಇನ್ನೊಂದಿದೆ. 1964ರಲ್ಲಿ ಕೈರೋದಲ್ಲಿ ಮಾದರಿ ಕೋಣೆಗಳನ್ನು ಕಟ್ಟಿ ಉಷ್ಣತೆ ಅಳೆದರು. ಅರ್ಧ ಮೀಟರ್ ದಪ್ಪದ ಮಣ್ಣಿನ ಗೋಡೆಯ ಕೋಣೆಯಲ್ಲಿ 24 ಗಂಟೆಯಲ್ಲಿ ಆದ ಏರಿಳಿತ 2 ಡಿಗ್ರಿ ಸೆಲ್ಸಿಯಸ್ ಮೀರಲಿಲ್ಲ. 10 ಸೆಂ.ಮೀ. ಕಾಂಕ್ರೀಟ್ ಫಲಕಗಳ ಕೋಣೆ 36 ಡಿಗ್ರಿಗೆ ಏರಿತು, ಹೊರಗಿನ ಗಾಳಿಗಿಂತಲೂ 9 ಡಿಗ್ರಿ ಹೆಚ್ಚು! ದಪ್ಪ ಮಣ್ಣು ಹಗಲಿನ ಶಾಖವನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ತೆಳುವಾದ ಕಾಂಕ್ರೀಟ್ ಅದನ್ನು ಬೇಗನೆ ಒಳಗೆ ದಾಟಿಸುತ್ತದೆ.

ಫತ್ಹಿ ಇಂಗಾಲದ ಲೆಕ್ಕ ಹಾಕಿ ಹೊರಟವರಲ್ಲ, ಅವರ ಚಿಂತೆ ಬಡವನ ಜೇಬು ಮತ್ತು ಮಾನ. ಆದರೂ ಎರಡೂ ಲೆಕ್ಕ ಒಂದೇ ಕಡೆ ಬಂದು ನಿಲ್ಲುತ್ತವೆ. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆಂದು ನಾವು ರಸಾಯನಶಾಸ್ತ್ರದಲ್ಲಿ ಓದಿದ್ದೇವೆ. ಕಾಯಿಸಲು ಸುಡುವ ಇಂಧನದ ಹೊಗೆ ಬೇರೆ. ಬಿಸಿಲಿನಲ್ಲಿ ಒಣಗಿದ ಇಟ್ಟಿಗೆಗೆ ಕುಲುಮೆಯೇ ಬೇಡ. ತಂಪಾದ ಮನೆಗೆ ಎಸಿ ಬೇಡ, ಕರೆಂಟ್ ಬಿಲ್ಲೂ ಕಡಿಮೆ.

1980ರಲ್ಲಿ ಅವರಿಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಅಧ್ಯಕ್ಷರ ಗೌರವವೂ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಸಂದವು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಮುಸ್ಲಿಂ ಸಮುದಾಯವೊಂದಕ್ಕೆ ಮಣ್ಣಿನ ಮಸೀದಿ ಕಟ್ಟಿಕೊಟ್ಟರು. ಕೊನೆಯ ವರ್ಷಗಳನ್ನು ಕೈರೋದ ಹಳೆಯ ಮನೆಯೊಂದರಲ್ಲಿ ಬೆಕ್ಕುಗಳ ಜೊತೆ ಕಳೆದು, 1989ರ ನವೆಂಬರ್ 30ರಂದು ತೀರಿಕೊಂಡರು.

ನಮ್ಮೂರಿನ ಮಳೆಗೆ ಈಜಿಪ್ಟಿನ ಮನೆಯನ್ನು ಹಾಗೆಯೇ ತಂದಿಟ್ಟರೆ ಕರಗಿಹೋದೀತು. ಫತ್ಹಿಯವರೂ ಅದನ್ನು ಒಪ್ಪುತ್ತಿರಲಿಲ್ಲ ಎಂದೇ ನನ್ನ ಭಾವನೆ, ಆಯಾ ನೆಲದ ಬುದ್ಧಿಯನ್ನು ಅಲ್ಲೇ ಹುಡುಕಿದವರು ಅವರು. ನಮ್ಮಲ್ಲಿ ಇಳಿಜಾರು ಹೆಂಚಿನ ಮಾಡು, ಕೆಂಪು ಕಲ್ಲಿನ ಗೋಡೆ, ಅಗಲ ಜಗಲಿ ಇದ್ದವು. ತಾರಸಿ ಮನೆಯೇ ಗೌರವ ಎಂದುಕೊಂಡು ನಾವೇ ಅವನ್ನು ಬಿಟ್ಟೆವು. ಇಸ್ರಾಫ್, ಅಂದರೆ ದುಂದು, ಸಲ್ಲದೆಂದು ಮದ್ರಸದಲ್ಲಿ ಕಲಿತವರು ನಾವು. ಊಟ ಮತ್ತು ನೀರಿನ ವಿಷಯದಲ್ಲಿ ಅದನ್ನು ನೆನೆಯುತ್ತೇವೆ. ಮನೆಯ ನಕ್ಷೆ ಮುಂದಿಟ್ಟುಕೊಂಡಾಗಲೂ ನೆನೆಯಬೇಕಲ್ಲವೇ? ಮುಂದೆ ಸಿವಿಲ್ ಎಂಜಿನಿಯರಿಂಗ್, ಆರ್ಕಿಟೆಕ್ಚರ್ ಸೇರಲಿರುವ ಗೆಳೆಯ ಗೆಳತಿಯರು ನಿಯಮ ಪುಸ್ತಕದ ಜೊತೆಗೆ ಊರಿನ ಹಳೆಯ ಮೇಸ್ತ್ರಿಯನ್ನೂ ಒಮ್ಮೆ ಮಾತಾಡಿಸಲಿ.