ಮೈಕೇಲ್ ಕ್ಯೂಸಾಕ್

ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡು ಬ್ರಿಟಿಷರ ಆಳ್ವಿಕೆಗೆ ಒಳಪಟ್ಟಿತ್ತು. ಅಲ್ಲಿನ ಬಡಜನರಿಗೆ ಆಲೂಗಡ್ಡೆಯೇ ಮುಖ್ಯ ಆಹಾರ. 1845ರಲ್ಲಿ ಆ ಬೆಳೆಗೆ ರೋಗ ತಗಲಿ ಘೋರ ಕ್ಷಾಮ ತಲೆದೋರಿತು. ಸುಮಾರು ಹತ್ತು ಲಕ್ಷ ಜನರು ಹಸಿವು ಜ್ವರಗಳಿಗೆ ಬಲಿಯಾದರು. ಲಕ್ಷಾಂತರ ಜನರು ಕಡಲು ದಾಟಿ ವಲಸೆಹೋದರು. ಇಂತಹ ದುರ್ದಿನಗಳಲ್ಲಿ, 1847ರ ಸೆಪ್ಟೆಂಬರಿನಲ್ಲಿ, ಮೈಕೇಲ್ ಕ್ಯೂಸಾಕನು ಜನಿಸಿದನು. ಕ್ಲೇರ್ ಪ್ರಾಂತದ ಬರೆನ್ ಎಂಬ ಕಲ್ಲುನೆಲದ ಸೀಮೆಯಲ್ಲಿರುವ ಕ್ಯಾರನ್ ಅವನ ಹುಟ್ಟೂರು. ತಂದೆ ಕುರಿ ಕಾಯುವವನು, ಮನೆಮಾತು ಐರಿಷ್.

ಬಡತನವು ಅವನ ವಿದ್ಯಾದಾಹವನ್ನು ಕುಗ್ಗಿಸಲಿಲ್ಲ. ಉಪಾಧ್ಯಾಯನಾಗಿ ಹಲವು ಶಾಲೆಗಳಲ್ಲಿ ದುಡಿದ ಮೇಲೆ ಅವನು 1877ರಲ್ಲಿ ಡಬ್ಲಿನ್ ನಗರದಲ್ಲಿ ತನ್ನದೇ ವಿದ್ಯಾಸಂಸ್ಥೆಯನ್ನು ತೆರೆದನು. ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ತರುಣರನ್ನು ಅಣಿಗೊಳಿಸುವುದು ಅದರ ಉದ್ದೇಶ. ಸಂಸ್ಥೆ ಬೇಗನೆ ಹೆಸರು ಗಳಿಸಿತು. ವಿದ್ಯೆಯೊಡನೆ ವ್ಯಾಯಾಮವೂ ಬೇಕೆಂಬುದು ಅವನ ನಂಬಿಕೆ. ಗಟ್ಟಿಮುಟ್ಟಾದ ಆಳಾದ ಅವನು ಶಿಷ್ಯರಿಗಾಗಿ ರಗ್ಬಿ ತಂಡವನ್ನು ಕಟ್ಟಿ, ತಾನೂ ಅವರೊಡನೆ ಕಣಕ್ಕಿಳಿದು ಆಡಿದನು. ಕ್ರಿಕೆಟ್ಟಿನಲ್ಲಿಯೂ ಅವನಿಗೆ ಆಸಕ್ತಿಯಿತ್ತು. ಗುಂಡೆಸೆತದಲ್ಲಿ ಅವನು ಪ್ರಸಿದ್ಧನಾಗಿದ್ದನು.

ಆದರೆ ಕ್ರಮೇಣ ಅವನ ಮನಸ್ಸು ಬೇರೆಡೆಗೆ ಹೊರಳಿತು. ಅಂದಿನ ಕ್ರೀಡಾಕೂಟಗಳೆಲ್ಲ ಇಂಗ್ಲಿಷ್ ನಿಯಮಗಳಂತೆ ನಡೆಯುತ್ತಿದ್ದವು. ಅನೇಕ ಕೂಟಗಳಲ್ಲಿ ಕೂಲಿಕಾರರಿಗೂ ಕುಶಲಕರ್ಮಿಗಳಿಗೂ ಪ್ರವೇಶವಿರಲಿಲ್ಲ. ಇತ್ತ ಕ್ಷಾಮವು ಹಳ್ಳಿಗಳನ್ನು ಬರಿದುಮಾಡಿದ್ದರಿಂದ ನಾಡಿನ ಪ್ರಾಚೀನ ಆಟವಾದ ಹರ್ಲಿಂಗ್ ನಶಿಸುವ ಸ್ಥಿತಿಗೆ ಬಂದಿತ್ತು. ಬೂದಿಮರದ ಬಾಗುಕೋಲಿನಿಂದ ಚೆಂಡನ್ನು ಹೊಡೆದಾಡುವ ರಭಸದ ಆಟವದು. ಭಾಷೆಯಂತೆ ಆಟವೂ ಒಂದು ಜನಾಂಗದ ಸೊತ್ತು, ಅದನ್ನು ಕಳೆದುಕೊಂಡ ಜನರು ಆತ್ಮಗೌರವವನ್ನೂ ಕಳೆದುಕೊಳ್ಳುತ್ತಾರೆ ಎಂದು ಕ್ಯೂಸಾಕನು ಬಗೆದನು.

ಅವನ ಕೈಯಲ್ಲಿದ್ದ ಆಯುಧವೆಂದರೆ ಲೇಖನಿ. 1884ರ ಅಕ್ಟೋಬರ್ 11ರಂದು ಐರಿಷ್ ಕ್ರೀಡೆಗಳನ್ನು ಕುರಿತ ಅವನ ಲೇಖನವು ಪತ್ರಿಕೆಗಳಲ್ಲಿ ಪ್ರಕಟವಾಯಿತು. ನಾಡಿನ ಆಟಗಳ ಆಡಳಿತವನ್ನು ನಾಡಿನವರೇ ವಹಿಸಿಕೊಳ್ಳಬೇಕೆಂದು ಅದರಲ್ಲಿ ಕರೆಕೊಟ್ಟಿದ್ದನು. ಹೆಸರಾಂತ ಕ್ರೀಡಾಪಟು ಮಾರಿಸ್ ಡೇವಿನ್ ಅದಕ್ಕೆ ಓಗೊಟ್ಟನು. ನವೆಂಬರ್ 1ರಂದು ಥರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ ಸಭೆ ಸೇರಿತು. ಬಂದವರು ಬೆರಳೆಣಿಕೆಯಷ್ಟು ಮಂದಿ. ಆದರೂ ಅಂದೇ ಗೇಲಿಕ್ ಕ್ರೀಡಾಸಂಘವು ಜನ್ಮತಾಳಿತು. ಡೇವಿನ್ ಅಧ್ಯಕ್ಷನಾದನು, ಕ್ಯೂಸಾಕನು ಕಾರ್ಯದರ್ಶಿಗಳಲ್ಲಿ ಒಬ್ಬನಾದನು. ಆರ್ಚ್‌ಬಿಷಪ್ ಕ್ರೋಕ್, ದೇಶನಾಯಕರಾದ ಪಾರ್ನೆಲ್ ಮತ್ತು ಡೇವಿಟ್ ಪೋಷಕರಾಗಲು ಒಪ್ಪಿದರು. ಹರ್ಲಿಂಗ್ ಆಟಕ್ಕೂ ಗೇಲಿಕ್ ಫುಟ್‌ಬಾಲಿಗೂ ನಿಯಮಗಳು ರಚಿತವಾದವು. ಎರಡು ವರ್ಷಗಳೊಳಗೆ ಸಂಘವು ಊರೂರಿಗೂ ಹಬ್ಬಿತು.

ಕಟ್ಟುವ ಉತ್ಸಾಹವಿದ್ದಷ್ಟು ನಡೆಸುವ ತಾಳ್ಮೆ ಕ್ಯೂಸಾಕನಲ್ಲಿರಲಿಲ್ಲ. ಲೆಕ್ಕಪತ್ರಗಳ ಕಡೆಗೆ ಅವನು ಗಮನವೀಯಲಿಲ್ಲ. ಮುಂಗೋಪದಿಂದ ಬರೆದ ಕಟುವಾದ ಪತ್ರಗಳು ಹಿತೈಷಿಗಳನ್ನೂ ನೋಯಿಸಿದವು. 1886ರಲ್ಲಿ ಸಂಘವು ಅವನನ್ನು ಕಾರ್ಯದರ್ಶಿಯ ಸ್ಥಾನದಿಂದ ತೆಗೆದುಹಾಕಿತು. ತಾನು ಕಟ್ಟಿದ ಮನೆಯಿಂದಲೇ ಅವನು ಹೊರಬೀಳಬೇಕಾಯಿತು.

ಆದರೂ ಅವನು ಆಟಗಳ ಮೇಲಣ ಪ್ರೀತಿಯನ್ನು ತೊರೆಯಲಿಲ್ಲ. 1887ರಲ್ಲಿ ಸೆಲ್ಟಿಕ್ ಟೈಮ್ಸ್ ಎಂಬ ವಾರಪತ್ರಿಕೆಯನ್ನು ಹೊರಡಿಸಿ, ಐರಿಷ್ ಆಟಗಳನ್ನೂ ಭಾಷೆಯನ್ನೂ ಕುರಿತು ಬರೆದನು; ಸಂಘದ ಮುಖಂಡರನ್ನು ನಿರ್ದಾಕ್ಷಿಣ್ಯವಾಗಿ ಟೀಕಿಸಿದನು. ಪತ್ರಿಕೆ ಒಂದು ವರ್ಷಕ್ಕೆ ನಿಂತುಹೋಯಿತು. 1890ರಲ್ಲಿ ಪತ್ನಿ ತೀರಿಕೊಂಡಳು, ಸಂಸಾರ ಚದುರಿತು. ಪಾಠಹೇಳಿಯೂ ಪತ್ರಿಕೆಗಳಿಗೆ ಬರೆದೂ ಅವನು ಜೀವನ ಸಾಗಿಸಿದನು. 1906ರ ನವೆಂಬರ್ 27ರಂದು, ತನ್ನ 59ನೆಯ ವಯಸ್ಸಿನಲ್ಲಿ, ಡಬ್ಲಿನ್ನಿನಲ್ಲಿ ಮರಣಹೊಂದಿದನು.

ಜೇಮ್ಸ್ ಜಾಯ್ಸನು 1922ರಲ್ಲಿ ಪ್ರಕಟವಾದ ಯುಲಿಸಿಸ್ ಕಾದಂಬರಿಯ ಒಂದು ಜಗಳಗಂಟ ಪಾತ್ರಕ್ಕೆ ಇವನನ್ನೇ ಮಾದರಿಯಾಗಿ ಇಟ್ಟುಕೊಂಡನೆಂದು ವಿದ್ವಾಂಸರು ಹೇಳುತ್ತಾರೆ. ಆದರೆ ನಾಡು ಅವನ ಕೋಪವನ್ನು ಮರೆತು ಉಪಕಾರವನ್ನು ನೆನೆಯಿತು. ಡಬ್ಲಿನ್ನಿನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ 1938ರಲ್ಲಿ ತೆರೆದ ಪ್ರೇಕ್ಷಕರ ಅಟ್ಟಣೆಗೆ ಅವನ ಹೆಸರನ್ನೇ ಇಟ್ಟರು. ಅಂದು ಅಳಿವಿನಂಚಿನಲ್ಲಿದ್ದ ಹರ್ಲಿಂಗ್ ಆಟವನ್ನು ನೋಡಲು ಇಂದು ಅಲ್ಲಿ ಎಂಬತ್ತು ಸಾವಿರ ಜನರು ನೆರೆಯುತ್ತಾರೆ. ಸ್ಥಾನ ಹೋದರೂ ಧ್ಯೇಯವನ್ನು ಬಿಡದ ಈ ಉಪಾಧ್ಯಾಯನ ಬಾಳಿಗೆ ಅದಕ್ಕಿಂತ ಮಿಗಿಲಾದ ಸಾರ್ಥಕತೆ ಬೇರೇನಿದೆ?