ಥಿಯೊಡೋರ್ ಬೊವೇರಿ

ಜರ್ಮನಿಯ ಬಾಂಬರ್ಗ್ ನಗರದಲ್ಲಿ 1862ರಲ್ಲಿ ಜನಿಸಿದ ಬೊವೇರಿಯವರು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಅಂಡಗಳನ್ನು ಅವರು ವರ್ಷಗಟ್ಟಲೆ ಪರೀಕ್ಷಿಸಿದರು. ಎರಡು ವೀರ್ಯಾಣುಗಳು ಒಂದೇ ಅಂಡವನ್ನು ಹೊಕ್ಕರೆ ವರ್ಣತಂತುಗಳು ಜೀವಕೋಶಗಳಿಗೆ ಸರಿಯಾಗಿ ಹಂಚಿಹೋಗದೆ ಭ್ರೂಣವು ಕೆಡುತ್ತಿತ್ತು. ಪ್ರತಿಯೊಂದು ವರ್ಣತಂತುವಿಗೂ ಅದರದೇ ಆದ ಗುಣವುಂಟೆಂದು 1902ರಲ್ಲಿ ಅವರು ಸಾರಿದರು.

ಇದೇ ತರ್ಕವನ್ನು ಕ್ಯಾನ್ಸರಿಗೂ ಅನ್ವಯಿಸಿ, ವರ್ಣತಂತುಗಳ ಸಮತೋಲ ತಪ್ಪಿದ ಒಂದೇ ಜೀವಕೋಶದ ಸಂತತಿಯೇ ದುರ್ಮಾಂಸದ ಗಡ್ಡೆಯೆಂದು 1914ರ ಗ್ರಂಥದಲ್ಲಿ ಪ್ರತಿಪಾದಿಸಿದರು. ಅದಕ್ಕೆ ನೇರವಾದ ಸಾಕ್ಷ್ಯವಿರಲಿಲ್ಲ, ಅನೇಕರು ಒಪ್ಪಲಿಲ್ಲ. ಮರುವರ್ಷವೇ ಬೊವೇರಿ ನಿಧನರಾದರು. ಜೀವವಿಜ್ಞಾನಿಯಾಗಿದ್ದ ಪತ್ನಿ ಮಾರ್ಸೆಲಾ ಆ ಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸಿ 1929ರಲ್ಲಿ ಪ್ರಕಟಿಸಿದರು. 1960ರಲ್ಲಿ ಫಿಲಡೆಲ್ಫಿಯದ ವಿಜ್ಞಾನಿಗಳು ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ವಿಕೃತ ವರ್ಣತಂತುವನ್ನು ಗುರುತಿಸಿದಾಗ, ಆ ಊಹೆಗೆ ಸಾಕ್ಷ್ಯ ದೊರೆಯಿತು.