ಯಂತ್ರಶಿಲ್ಪಿ ಲಕ್ಷ್ಮಣರಾವ್ ಕಿರ್ಲೋಸ್ಕರ

ಕಿತ್ತೂರು ನಾಡು ಎಂದೊಡನೆ 1824ರಲ್ಲಿ ಆಂಗ್ಲರ ಸೈನ್ಯವನ್ನು ಎದುರಿಸಿದ ರಾಣಿ ಚೆನ್ನಮ್ಮನ ಖಡ್ಗ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಆ ಯುದ್ಧ ನಡೆದು 45 ವರ್ಷಗಳಾದ ಮೇಲೆ, ಅದೇ ಸೀಮೆಯ ಸವದತ್ತಿಯ ಬಳಿ, ಕಬ್ಬಿಣವನ್ನು ಬೇರೊಂದು ಕಾಯಕಕ್ಕೆ ಹಚ್ಚಿದ ಮಹನೀಯರೊಬ್ಬರು ಹುಟ್ಟಿದರು. ಅವರೇ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು. ಜನ್ಮಸ್ಥಳ ಗುರ್ಲಹೊಸೂರು, ಜನ್ಮದಿನ 1869ರ ಜೂನ್ 20. ಮನೆತನದ ಮೂಲ ಕೊಂಕಣದ ಕಡೆಯದು. ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಗುರ್ಲಹೊಸೂರಿನವರು. ಒಂದೇ ಊರು ರಂಗಭೂಮಿಗೊಬ್ಬರನ್ನೂ ಯಂತ್ರಭೂಮಿಗೊಬ್ಬರನ್ನೂ ಕೊಟ್ಟಿತು.

ಶಾಲೆಯ ಪಾಠಗಳಲ್ಲಿ ಬಾಲಕ ಲಕ್ಷ್ಮಣನಿಗೆ ಅಷ್ಟಾಗಿ ಮನಸ್ಸು ನಿಲ್ಲುತ್ತಿರಲಿಲ್ಲ. ಅವನಿಗೆ ಪ್ರಿಯವಾದುವು ಎರಡೇ: ಚಿತ್ರ ಬರೆಯುವುದು ಮತ್ತು ಯಂತ್ರಗಳನ್ನು ಬಿಚ್ಚಿ ನೋಡುವುದು. ಚಿತ್ರಕಲೆಯಿಂದ ಹೊಟ್ಟೆ ತುಂಬೀತೇ ಎಂಬ ಶಂಕೆ ತಂದೆಗಿತ್ತು. ಆದರೂ ಹಿರಿಯ ಸಹೋದರ ರಾಮಚಂದ್ರರಾಯರ ಒತ್ತಾಸೆಯಿಂದ 1885ರಲ್ಲಿ ಲಕ್ಷ್ಮಣರಾಯರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ಕಹಿ ಸತ್ಯ ಹೊರಬಿತ್ತು. ಕೆಲವು ಬಣ್ಣಗಳ ನಡುವಣ ಭೇದವನ್ನು ಅವರ ಕಣ್ಣು ಗುರುತಿಸಲಾರದಾಗಿತ್ತು. ವರ್ಣಚಿತ್ರಕಾರನಾಗಬೇಕೆಂದು ಮನೆಯವರ ಮಾತು ಮೀರಿ ಬಂದ ತರುಣನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದಿದ್ದೀತು? ಅವರು ಕುಂಚವನ್ನು ಕೆಳಗಿಟ್ಟರು, ಆದರೆ ಪೆನ್ಸಿಲನ್ನು ಬಿಡಲಿಲ್ಲ. ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯನ್ನು ಕಲಿತರು. ಅಲ್ಲಿ ಬೇಕಾದುದು ಗೆರೆ ಮತ್ತು ಅಳತೆ, ಬಣ್ಣದ ಹಂಗಿಲ್ಲ.

ಅವರು ಮುಂಬಯಿಗೆ ಹೋದ 1885ರಲ್ಲಿಯೇ ದೂರದ ಜರ್ಮನಿಯಲ್ಲಿ ಕಾರ್ಲ್ ಬೆಂಜ್ ಎಂಬಾತ ಪೆಟ್ರೋಲಿನ ಎಂಜಿನ್ನಿನಿಂದ ಓಡುವ ಮೂರು ಗಾಲಿಯ ಗಾಡಿಯನ್ನು ಸಿದ್ಧಪಡಿಸಿದನು. ಗುರ್ಲಹೊಸೂರಿನ ಹುಡುಗನಿಗೆ ಆ ಸುದ್ದಿ ಆಗ ತಲುಪಿರಲಾರದು. ಆದರೆ ಎಂಜಿನ್ನು ಮೇಲೋ ವಿದ್ಯುತ್ತಿನ ಮೋಟಾರು ಮೇಲೋ ಎಂಬ, ಇಂದಿಗೂ ಮುಗಿಯದ ಒಂದು ಸ್ಪರ್ಧೆಯ ಕಾಲದಲ್ಲಿಯೇ ಅವರ ಜೀವನ ಬೆಳೆಯಿತು. ಮುಂದೆ ಅವರ ಮನೆತನವೇ ಆ ಸ್ಪರ್ಧೆಯ ಎರಡೂ ಪಕ್ಷಗಳಲ್ಲಿ ನಿಂತಿತು.

ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಲಕ್ಷ್ಮಣರಾಯರು ನಕ್ಷೆ ಬರೆಯುವುದನ್ನು ಕಲಿಸುವ ಅಧ್ಯಾಪಕರಾದರು. ಪಾಠ ಮುಗಿದ ಮೇಲೆ ಅವರು ಸಂಸ್ಥೆಯ ಯಂತ್ರಶಾಲೆಯಲ್ಲಿಯೇ ಉಳಿಯುತ್ತಿದ್ದರು. ಯಂತ್ರಗಳನ್ನು ಬಿಚ್ಚುವುದು, ಒರೆಸುವುದು, ಮತ್ತೆ ಜೋಡಿಸುವುದು ಅವರ ಬಿಡುವಿನ ವೇಳೆಯ ಉದ್ಯೋಗ. ಅವರಿಗೆ ಎಂಜಿನಿಯರಿಂಗ್ ಪದವಿ ಇರಲಿಲ್ಲ. ಅವರ ವಿದ್ಯೆಯೆಲ್ಲ ಕೈಗೆ ಎಣ್ಣೆ ಹತ್ತಿಸಿಕೊಂಡು ಗಳಿಸಿದ್ದು.

ಆ ದಿನಗಳಲ್ಲಿ ಸೈಕಲ್ ಎಂಬುದು ಜನ ನಿಂತು ನೋಡುವ ಸೋಜಿಗದ ವಸ್ತುವಾಗಿತ್ತು. ಲಕ್ಷ್ಮಣರಾಯರು ಅದರಲ್ಲಿ ವ್ಯಾಪಾರದ ದಾರಿಯನ್ನು ಕಂಡರು. 1888ರಲ್ಲಿ ಸಹೋದರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂಬಯಿಯಿಂದ ತಮ್ಮ ಸೈಕಲ್ಲುಗಳನ್ನು ಕಳುಹಿಸುವುದು, ಬೆಳಗಾವಿಯಲ್ಲಿ ಅಣ್ಣ ಅವುಗಳನ್ನು ಮಾರುವುದು, ಕೊಂಡವರಿಗೆ ಓಡಿಸುವುದನ್ನು ಕಲಿಸುವುದು — ಹೀಗೆ ಕೆಲಸ ಹಂಚಿಕೆಯಾಯಿತು. ಡನ್ಲಪ್ ಎಂಬ ಪಶುವೈದ್ಯನು ಗಾಳಿ ತುಂಬುವ ಟೈರಿಗೆ ಹಕ್ಕುಪತ್ರ ಪಡೆದುದೂ ಅದೇ ವರ್ಷ. ಇತ್ತ ಸಂಸ್ಥೆಯಲ್ಲಿ ತಮಗೆ ಸಲ್ಲಬೇಕಾದ ಬಡ್ತಿ ಇನ್ನೊಬ್ಬರ ಪಾಲಾದಾಗ ಲಕ್ಷ್ಮಣರಾಯರು ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಪತ್ನಿ ರಾಧಾಬಾಯಿಯವರೊಂದಿಗೆ ಬೆಳಗಾವಿಗೆ ಬಂದು ನೆಲೆಸಿದರು. ಮನುಷ್ಯನಿಗೆ ಅನ್ಯಾಯವಾದಾಗ ಗೊಣಗುತ್ತ ಉಳಿಯುವುದು ಸುಲಭ, ಇವರು ಉಳಿಯಲಿಲ್ಲ.

ಬೆಳಗಾವಿಯ ಸುತ್ತಲಿನದು ಒಕ್ಕಲುತನದ ನಾಡು. ಬೈಲಹೊಂಗಲ, ಸವದತ್ತಿಗಳ ಕಡೆಗೆ ಹೋದಂತೆ ಕರಿಯ ಎರೆಭೂಮಿ ಹಬ್ಬಿದೆ. ಹತ್ತಿ, ಜೋಳಗಳು ಅಲ್ಲಿನ ಬೆಳೆ. ಬೇಸಗೆಯಲ್ಲಿ ಬಾಯಿ ಬಿಡುವ ಈ ಮಣ್ಣು ಮಳೆ ಬಿದ್ದೊಡನೆ ಅಂಟಾಗಿ ಕಾಲನ್ನು ಹಿಡಿಯುತ್ತದೆ. ಮರದ ನೇಗಿಲು ಇದನ್ನು ಮೇಲುಮೇಲಕ್ಕೆ ಗೀರಬಲ್ಲುದೇ ಹೊರತು ಆಳಕ್ಕೆ ಇಳಿದು ಹೆಂಟೆ ಮಗುಚಲಾರದು. ಲಕ್ಷ್ಮಣರಾಯರು ಮೊದಲು ಜೋಳದ ಕಣಿಕೆಯನ್ನು ಕತ್ತರಿಸುವ ಯಂತ್ರವನ್ನು ಮಾಡಿದರು. ಆಮೇಲೆ ವಿದೇಶದ ನೇಗಿಲುಗಳನ್ನು ನೋಡಿ ನಮ್ಮ ಎತ್ತುಗಳಿಗೆ ಒಪ್ಪುವ ಕಬ್ಬಿಣದ ನೇಗಿಲನ್ನು ಎರಕ ಹೊಯ್ದರು.

ನೇಗಿಲು ಸಿದ್ಧವಾಯಿತು, ಕೊಳ್ಳುವವರಿಲ್ಲ! ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬುದು ರೈತರ ನಂಬಿಕೆ. ಮೊದಲ ಕೆಲವು ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ರೈತರ ಈ ಅಂಜಿಕೆಯನ್ನು ಕೇಳಿ ನಾವು ಇಂದು ನಗಬಹುದು. ಆದರೆ ತಪ್ಪು ನೇಗಿಲು ಕೊಂಡವನಿಗೆ ನಷ್ಟವಾಗುವುದು ಹಣ ಮಾತ್ರವಲ್ಲ, ಒಂದು ವರ್ಷದ ಅನ್ನ. ಹೊಸ ಯಂತ್ರವನ್ನು ಸಂಶಯದಿಂದ ನೋಡುವ ಹಕ್ಕು ಅವನಿಗಿತ್ತು. ಲಕ್ಷ್ಮಣರಾಯರು ಅವನನ್ನು ಹಳಿಯಲಿಲ್ಲ. ಬಳಸಿದವರು ಹೇಳಿದ ಕುಂದುಗಳನ್ನು ಕೇಳಿ ತಿಳಿದರು. ಬೇಗನೆ ಸವೆಯುವ ಭಾಗಗಳ ಎರಕವನ್ನು ಗಟ್ಟಿಗೊಳಿಸಿದರು. ಮತ್ತೆ ಹೊಲಕ್ಕೆ ಕಳುಹಿಸಿದರು. ಆಳವಾಗಿ ಉತ್ತ ಹೊಲದಲ್ಲಿ ಬೆಳೆ ಎದ್ದು ನಿಂತಾಗ ನೆರೆಯ ಹೊಲದವನು ತಾನೇ ನೇಗಿಲು ಕೇಳಿಕೊಂಡು ಬಂದನು.

ವ್ಯಾಪಾರ ಕುದುರುತ್ತಿರುವಾಗಲೇ ಇನ್ನೊಂದು ಸಂಕಟ ಒದಗಿತು. ಊರಿನ ವಿಸ್ತರಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕಾಯಿತು. ಯಂತ್ರಗಳಿದ್ದುವು, ಕೆಲಸಗಾರರಿದ್ದರು, ನಿಲ್ಲಲು ನೆಲವಿರಲಿಲ್ಲ. ಆಗ ಆಸರೆ ನೀಡಿದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಅವರು ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿಯನ್ನೂ ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದ, ಹಾವುಗಳು ಹರಿದಾಡುವ ಬಂಜರು ಭೂಮಿ ಅದು. 1910ರಲ್ಲಿ ಕೆಲವೇ ಕುಟುಂಬಗಳೊಂದಿಗೆ ಲಕ್ಷ್ಮಣರಾಯರು ಅಲ್ಲಿಗೆ ಹೋಗಿ ಕಳ್ಳಿ ಕಡಿದು ಊರು ಕಟ್ಟಿದರು. ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿಯೇ ಆ ಊರು. ಅಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಅವರು ಎಡೆಗೊಡಲಿಲ್ಲ. ಒಮ್ಮೆ ದಾರಿ ತಪ್ಪಿ ಶಿಕ್ಷೆ ಅನುಭವಿಸಿ ಬಂದವರನ್ನು ನಂಬಿ ಕಾವಲು ಕೆಲಸ ಕೊಟ್ಟರು.

ನೇಗಿಲಿನಿಂದ ರೈತನ ಉಳುಮೆಯ ಕಷ್ಟ ಕಡಮೆಯಾಯಿತು. ಉಳಿದುದು ನೀರಿನ ಕಷ್ಟ. ಬಾವಿಯ ನೀರನ್ನು ಎತ್ತುಗಳು ಕಪಿಲೆಯಿಂದ ಎಳೆಯಬೇಕು. ದಿನವಿಡೀ ಎಳೆದರೂ ಸ್ವಲ್ಪ ನೆಲವಷ್ಟೇ ನೆನೆಯುವುದು. 1920ರ ದಶಕದಲ್ಲಿ ಕಿರ್ಲೋಸ್ಕರವಾಡಿಯಲ್ಲಿ ನೀರೆತ್ತುವ ಪಂಪುಗಳು ತಯಾರಾಗತೊಡಗಿದುವು. ಆದರೆ ಈ ಪಂಪು ವೇಗವಾಗಿ ಗಿರ್ರನೆ ತಿರುಗಬೇಕು. ಎತ್ತಿನ ನಡಿಗೆ ಇದಕ್ಕೆ ಸಾಲದು. ಹಾಗಾದರೆ ಅದನ್ನು ತಿರುಗಿಸುವ ಶಕ್ತಿ ಯಾವುದು?

ಎರಡು ಉತ್ತರಗಳಿದ್ದುವು. ಒಂದು, ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ತಂತ್ರಜ್ಞನ ಎಂಜಿನ್ನು. ಇದರಲ್ಲಿ ಗಾಳಿಯನ್ನು ಬಲವಾಗಿ ಅದುಮಿದಾಗ ಅದು ಕಾದು ಕೆಂಡದಂತಾಗುತ್ತದೆ. ಆ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ನೆರವಿಲ್ಲದೆಯೇ ಹೊತ್ತಿಕೊಂಡು ಕೊಂತವನ್ನು ತಳ್ಳುತ್ತದೆ. 1897ರಲ್ಲಿ ಪರೀಕ್ಷಿಸಿದಾಗ ಎಣ್ಣೆಯ ಶಕ್ತಿಯಲ್ಲಿ ನೂರಕ್ಕೆ 26 ಪಾಲು ಕೆಲಸವಾಗಿ ದೊರೆಯಿತು. ಅಂದಿನ ಉಗಿಯಂತ್ರಗಳು ನೂರಕ್ಕೆ 10 ಪಾಲು ಕೊಡುವುದೇ ಕಷ್ಟವಾಗಿತ್ತು. ಇನ್ನೊಂದು ಉತ್ತರ ವಿದ್ಯುತ್ತಿನ ಮೋಟಾರು. ಅಲ್ಲಿ ಹೊಗೆಯಿಲ್ಲ, ಬೆಂಕಿಯಿಲ್ಲ. ತಂತಿಯ ಸುರುಳಿಯೂ ಅಯಸ್ಕಾಂತದ ಬಲವೂ ಸೇರಿ ಒಂದು ಕಂಬಿಯನ್ನು ತಿರುಗಿಸುತ್ತವೆ. ಒಳ್ಳೆಯ ಮೋಟಾರು ತನಗೆ ಬಂದ ಶಕ್ತಿಯಲ್ಲಿ ನೂರಕ್ಕೆ 90 ಪಾಲನ್ನು ಕೆಲಸವಾಗಿ ಹಿಂದಿರುಗಿಸುತ್ತದೆ. ಲೆಕ್ಕದಲ್ಲಿ ಮೋಟಾರೇ ಗೆದ್ದಿತು. ಆದರೆ ಹಳ್ಳಿಯ ಹೊಲಕ್ಕೆ ವಿದ್ಯುತ್ತಿನ ತಂತಿ ಬಂದಿರಲಿಲ್ಲ. ತಂತಿಯಿಲ್ಲದ ಕಡೆ ಮೋಟಾರು ಕೇವಲ ಕಬ್ಬಿಣದ ಮುದ್ದೆ. ಎಂಜಿನ್ನಾದರೋ ಚಕ್ಕಡಿಯಲ್ಲಿ ಡಬ್ಬ ಎಣ್ಣೆ ತಂದು ಸುರಿದರೆ ಓಡುತ್ತದೆ. ಆದ್ದರಿಂದ ಕಿರ್ಲೋಸ್ಕರರ ಕಾರ್ಖಾನೆ ಆ ದಶಕದಲ್ಲಿಯೇ ಎಣ್ಣೆಯ ಎಂಜಿನ್ನಿನ ಕಡೆಗೆ ಕೈಯಿಕ್ಕಿತು.

ರಸ್ತೆಯ ಮೇಲೂ ನಡೆದುದು ಇದೇ ಕಥೆ. 1900ರ ಸುಮಾರಿಗೆ ಅಮೆರಿಕದ ಬೀದಿಗಳಲ್ಲಿ ಉಗಿ, ವಿದ್ಯುತ್ತು, ಪೆಟ್ರೋಲು ಎಂಬ ಮೂರು ಬಗೆಯ ಕಾರುಗಳು ಪೈಪೋಟಿಯಿಂದ ಓಡುತ್ತಿದ್ದುವು. ವಿದ್ಯುತ್ ಕಾರು ಸದ್ದಿಲ್ಲದೆ ಹೊರಡುತ್ತಿತ್ತು. ಪೆಟ್ರೋಲ್ ಕಾರಿಗಾದರೋ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು, ಅದು ಹಿಮ್ಮುಖವಾಗಿ ಒದ್ದರೆ ಕೈ ಮುರಿಯುವ ಭಯವಿತ್ತು. ಹೀಗಿದ್ದೂ ವಿದ್ಯುತ್ ಕಾರು ಸೋತಿತು. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಅಡಗಿದೆ. ಪೆಟ್ರೋಲಿನದೂ ಹೆಚ್ಚುಕಡಮೆ ಅಷ್ಟೇ. ಅಷ್ಟನ್ನು ಸೀಸದ ಬ್ಯಾಟರಿಯಲ್ಲಿ ತುಂಬಬೇಕಾದರೆ 300 ಕಿಲೋ ಭಾರ ಹೊರಬೇಕು. 1908ರಲ್ಲಿ ಹೆನ್ರಿ ಫೋರ್ಡನ ಅಗ್ಗದ ಕಾರು ಬಂದಿತು. 1912ರಲ್ಲಿ ಗುಂಡಿ ಒತ್ತಿ ಎಂಜಿನ್ನು ಚಾಲೂ ಮಾಡುವ ಉಪಾಯ ಕಾರಿಗೆ ಸೇರಿತು. ಅಚ್ಚರಿಯೆಂದರೆ, ಆ ಉಪಾಯ ಒಂದು ಪುಟ್ಟ ವಿದ್ಯುತ್ ಮೋಟಾರು. ತನ್ನ ಎದುರಾಳಿಯನ್ನು ಗೆಲ್ಲಿಸಿದುದು ಮೋಟಾರೇ!

ಲಕ್ಷ್ಮಣರಾಯರ ಮಕ್ಕಳು ಪ್ರಾಯಕ್ಕೆ ಬಂದು ತಂದೆಯ ಕೆಲಸಕ್ಕೆ ಹೆಗಲು ಕೊಟ್ಟರು. ಹಿರಿಯ ಮಗ ಶಂತನುರಾಯರು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿ ಬಂದವರು. 1941ರಲ್ಲಿ ಹರಿಹರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಪ್ರಾರಂಭವಾಯಿತು. ಯಂತ್ರಗಳನ್ನು ತಯಾರಿಸುವ ಯಂತ್ರಗಳು ಅಲ್ಲಿ ಬಹುಕಾಲ ಸಿದ್ಧವಾದುವು. 1946ರಲ್ಲಿ ಒಂದೇ ವರ್ಷ ಎರಡು ಕಂಪನಿಗಳು ಹುಟ್ಟಿದುವು. ಪುಣೆಯಲ್ಲಿ ಎಣ್ಣೆಯ ಎಂಜಿನ್ನುಗಳದು ಒಂದು. ಬೆಂಗಳೂರಿನಲ್ಲಿ, ಮಗ ರವಿ ಕಿರ್ಲೋಸ್ಕರರ ಮುಂದಾಳುತನದಲ್ಲಿ, ವಿದ್ಯುತ್ ಮೋಟಾರುಗಳದು ಇನ್ನೊಂದು. ಮೈಸೂರು ಸಂಸ್ಥಾನದಲ್ಲಿ 1902ರಿಂದಲೇ ಶಿವನಸಮುದ್ರದ ವಿದ್ಯುತ್ತು ಹರಿಯುತ್ತಿತ್ತು. ಮೋಟಾರಿಗೆ ಅದು ತಕ್ಕ ನೆಲ. ಉತ್ತರದ ಒಣಹಳ್ಳಿಗಳಿಗೆ ಎಂಜಿನ್ನೇ ಗತಿ. ಪ್ರತಿಸ್ಪರ್ಧಿಗಳಾದ ಎರಡು ಯಂತ್ರಗಳನ್ನು ಒಂದೇ ಮನೆತನ ಮಾಡಲು ಹೊರಟುದು ಕೆಲವರಿಗೆ ವಿಚಿತ್ರವೆನಿಸಬಹುದು. ಎರೆಮಣ್ಣಿನ ರೈತನಿಂದ ಪಾಠ ಕಲಿತ ಲಕ್ಷ್ಮಣರಾಯರಿಗೆ ಹಾಗೆನಿಸಿರಲಾರದು.

ಮುಪ್ಪಿನಲ್ಲಿ ಅವರಿಗೆ ಒದಗಿದ ಆಘಾತ ಸಾಮಾನ್ಯವಾದುದಲ್ಲ. 1948ರಲ್ಲಿ ಮಹಾತ್ಮಾ ಗಾಂಧಿಯವರ ಕೊಲೆಯಾದ ಮೇಲೆ ಎದ್ದ ಗಲಭೆಯಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆಗೆ ಬೆಂಕಿ ಬಿದ್ದಿತು. ಕಳ್ಳಿ ಕಡಿದು ಕಟ್ಟಿದುದು ಕಣ್ಣೆದುರೇ ಬೂದಿಯಾದಾಗ ಅವರಿಗೆ 78 ವರ್ಷ. ಕಾರ್ಖಾನೆ ಮತ್ತೆ ಎದ್ದು ನಿಂತಿತು. 1956ರ ಸೆಪ್ಟೆಂಬರ್ 26ರಂದು ಅವರು ತೀರಿಕೊಂಡರು. ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಭಾರತದ ಅಂಚೆ ಇಲಾಖೆ ಅವರ ಅಂಚೆಚೀಟಿಯನ್ನು ಹೊರತಂದಿತು.

ಸೈಕಲ್ ಮಾರಿ ಬದುಕು ತೊಡಗಿದವರ ಮನೆತನ ಮತ್ತೆ ರಸ್ತೆಗೆ ಬಂದುದು ನಾಲ್ಕನೆಯ ತಲೆಮಾರಿನಲ್ಲಿ. ಮರಿಮಗ ವಿಕ್ರಮ್ ಕಿರ್ಲೋಸ್ಕರರು ಜಪಾನಿನ ಟೊಯೋಟ ಕಂಪನಿಯೊಡನೆ ಸೇರಿ ಸ್ಥಾಪಿಸಿದ ಕಾರು ಕಾರ್ಖಾನೆ 1997ರಲ್ಲಿ ಬೆಂಗಳೂರಿನ ಬಳಿಯ ಬಿಡದಿಗೆ ಬಂದಿತು. 2013ರಲ್ಲಿ ಅಲ್ಲಿ ಎಂಜಿನ್ನನ್ನೂ ಮೋಟಾರನ್ನೂ ಒಂದೇ ಮುಚ್ಚಳದ ಕೆಳಗೆ ಜೊತೆಗೂಡಿಸಿದ ಕಾರಿನ ತಯಾರಿಕೆ ಮೊದಲಾಯಿತು. ಅದಕ್ಕೂ ಮುಂಚೆ, 2001ರಲ್ಲಿ, ಬೆಂಗಳೂರಿನ ಇನ್ನೊಂದು ಕಂಪನಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದಿತ್ತು. ಅದು ಲಂಡನ್ನಿನ ಬೀದಿಗಳಲ್ಲಿಯೂ ಓಡಿತು. ವಿದ್ಯುತ್ ವಾಹನಗಳಿಗಾಗಿ 2017ರಲ್ಲಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿದ ಮೊದಲ ರಾಜ್ಯ ಕರ್ನಾಟಕ. 1991ರಲ್ಲಿ ಪೇಟೆಗೆ ಬಂದ ಲಿಥಿಯಂ ಬ್ಯಾಟರಿ ಬರಬರುತ್ತ ಹಗುರವೂ ಅಗ್ಗವೂ ಆದುದರಿಂದ, ನೂರು ವರ್ಷದ ಹಿಂದೆ ಸೋತ ಮೋಟಾರು ಮತ್ತೆ ಕಣಕ್ಕಿಳಿದಿದೆ.

ಇನ್ನು ಮುಂದೆ ಗೆಲ್ಲುವುದು ಯಾವುದು? ಪಟ್ಟಣದೊಳಗೆ ಓಡಾಡುವ ಸ್ಕೂಟರು, ಆಟೋರಿಕ್ಷಾ, ಬಸ್ಸುಗಳಲ್ಲಿ ಮೋಟಾರಿನ ಕೈ ಮೇಲಾಗುತ್ತಿರುವಂತೆ ತೋರುತ್ತದೆ. ಹತ್ತಿಯ ಅಂಡಿಗೆ ಹೇರಿಕೊಂಡು ದೂರದೂರಿಗೆ ಹೋಗುವ ಲಾರಿ, ಎರೆಹೊಲದಲ್ಲಿ ದಿನವಿಡೀ ಉಳುವ ಟ್ರ್ಯಾಕ್ಟರು ಡೀಸೆಲನ್ನು ಅಷ್ಟು ಬೇಗ ಬಿಡಲಾರವು. ವಿದ್ಯುತ್ತು ಕಲ್ಲಿದ್ದಲಿನಿಂದ ಬಂದರೆ ಹೊಗೆ ರಸ್ತೆಯನ್ನು ಬಿಟ್ಟು ವಿದ್ಯುದಾಗಾರದ ಚಿಮಣಿಗೆ ಹೋಯಿತೆಂದಷ್ಟೇ ಹೇಳಬೇಕು. ಎಂಜಿನ್ನು ಬಿಚ್ಚಿ ಜೋಡಿಸುವುದನ್ನೇ ಬದುಕು ಮಾಡಿಕೊಂಡ ಸಾವಿರಾರು ಮೇಸ್ತ್ರಿಗಳು ಹೊಸ ವಿದ್ಯೆ ಕಲಿಯಬೇಕಾಗಿದೆ. ಅವರಿಗೆ ಅದನ್ನು ಕಲಿಸುವ ಹೊಣೆ ಯಾರದೆಂಬುದು ಯಂತ್ರದ ಪ್ರಶ್ನೆಗಿಂತಲೂ ಕಠಿಣವಾದ ಪ್ರಶ್ನೆ.

ಸವದತ್ತಿಯ ಸುತ್ತಲಿನ ಗುಡ್ಡಗಳ ಮೇಲೆ ಈಗ ಎತ್ತರದ ಗಾಳಿಯಂತ್ರಗಳು ನಿಂತಿವೆ. ಅವುಗಳ ಮೂರು ಮೂರು ರೆಕ್ಕೆಗಳು ತಿರುಗಿ ವಿದ್ಯುತ್ತನ್ನು ತಂತಿಗೆ ಕೊಡುತ್ತವೆ. ಕೆಳಗಿನ ಹೊಲಗಳಲ್ಲಿ ಟ್ರ್ಯಾಕ್ಟರುಗಳು ಉಳುತ್ತಿರುತ್ತವೆ. ಬೆಳಗಾವಿಯ ಪೇಟೆಯ ನಡುವೆ, ಅಣ್ಣತಮ್ಮಂದಿರು ಸೈಕಲ್ ಮಾರಿದ ಊರಿನಲ್ಲಿ, ಒಂದು ಬೀದಿಗೆ ಕಿರ್ಲೋಸ್ಕರ ರಸ್ತೆ ಎಂಬ ಹೆಸರು ಇಂದಿಗೂ ಉಳಿದಿದೆ.